ಪಂದು ಕೊಡು

ನಾನು ನಿಂತಿದ್ದದ್ದು ತಗಡಿನ ಚಪ್ಪರದ ಕೆಳಗೆ, ಬಾಗಿಲಿಗೆ ಎದುರಾಗಿ, ಎಡಗಡೆಯ ಕಲ್ಲುಕಂಬದ ಪಕ್ಕದಲ್ಲಿ. ಊರು ಧರ್ಮಪುರಿ ಕಡೆಯ ಕಂಬೈನಲ್ಲೂರಿನಿಂದ ಸ್ವಲ್ಪ ಆಚೆ, ಟೌನ್ ಬಸ್ಸು ತಿರುಗಿಕೊಂಡು ವಾಪಸಾಗುವ ಜಾಗ. ಕಳೆದ ವರ್ಷ ಪೊಂಗಲ್ ಮುಗಿದ ಮೇಲಿನ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಮುಂದೆ, ಕೈ ಚಾಚಿದರೆ ಭುಜ ಸಿಗುವಷ್ಟು ಹತ್ತಿರದಲ್ಲಿ ಅವ್ವ ನಿಂತಿದ್ದಳು. ಅವಳ ಮುಂದೆ ನೈಲಾನ್ ಪಟ್ಟಿಯ ಮಂಚ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಹೆಂಗಸಿನ ಮಡಿಲಲ್ಲಿ ಒಂದು ವಾಲಿಬಾಲ್ ಇತ್ತು. ಬೆಳಕು ನನ್ನ ಬೆನ್ನ ಕಡೆಯಿಂದ ಬೀಳುತ್ತಿತ್ತು. ಬಿಸಿಲು ಕಣ್ಣಿಗೆ ಹೊಡೆದು ಸರಿಯಾಗಿ ಕಾಣಲಿಲ್ಲ ಎನ್ನುವ ನೆಪ ನನಗಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಅಲ್ಲಿ ನಡೆದದ್ದನ್ನು ಕುರಿತು ನೋಡಿದವರಲ್ಲೇ ಎರಡು ಮಾತಿದೆ, ಮತ್ತು ಅವ್ವನ ಮಟ್ಟಿಗೆ ಉಳಿದ ಆಯುಷ್ಯದ ನೆಮ್ಮದಿ ಆ ಎರಡರಲ್ಲಿ ಯಾವುದು ನಿಜ ಎಂಬುದರ ಮೇಲೆ ನಿಂತಿದೆ.

ನಾನು ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುವವನು. ಮನೆ ಕೊಳತ್ತೂರಿನ ಹತ್ತಿರ. ಆಟ ಬಿಟ್ಟು ಮನೆ ಸೇರಿದ ಹಳೆಯ ಆಟಗಾರರಿಗೆ ಕಾಗದ ಬರೆದು, ಅಂಚೆಯಲ್ಲೇ ಅವರ ಸಹಿ ತರಿಸಿಕೊಳ್ಳುವುದು ನನ್ನ ಬಹುಕಾಲದ ಅಭ್ಯಾಸ. ಈಗ ಆಡುತ್ತಿರುವವರಿಗೆ ನಾನು ಬರೆಯುವುದಿಲ್ಲ. ಅವರಿಗೆ ಬಂದ ಕಾಗದವನ್ನು ಒಡೆಯುವವರೂ ಬೇರೆ, ಓದುವವರೂ ಬೇರೆ. ಆಟ ಬಿಟ್ಟವರು ಹಾಗಲ್ಲ. ಕಾಗದ ತಾವೇ ಒಡೆಯುತ್ತಾರೆ. ಕೇಳಿದ್ದಕ್ಕಿಂತ ಹೆಚ್ಚು ಬರೆಯುತ್ತಾರೆ. ಮೊಣಕಾಲು ನೋವು, ಹಿಂದೆ ಗೆದ್ದ ಕಪ್ಪು ಕಪ್ಪಗಾಗಿರುವುದು, ಆಗಿನ ಅಂಪೈರ್ ಮಾಡಿದ ಮೋಸ, ಎಲ್ಲ ಬರುತ್ತದೆ.

ಮೊದಲು ಒಂದು ಕಾಗದ ಬರೆದು ಅಪ್ಪಣೆ ಕೇಳುತ್ತೇನೆ. ಅವರು ಆಗಲಿ ಎಂದ ಮೇಲೆ ಎರಡು ಬಿಳಿ ಕಾರ್ಡು, ನನ್ನ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಕವರು ಕಳಿಸುತ್ತೇನೆ. ಮುಂಚೆ ಕೇಳದೆಯೇ ಕಳಿಸುತ್ತಿದ್ದೆ. ಒಮ್ಮೆ ಒಬ್ಬ ಹಳೆಯ ಕಬಡ್ಡಿ ಆಟಗಾರರು ನನ್ನ ಆ ಕವರಿನಲ್ಲಿ ಮೊಮ್ಮಗಳ ಮದುವೆಯ ಪತ್ರಿಕೆ ಇಟ್ಟು ನನಗೇ ಕಳಿಸಿದರು. ಸಹಿ ಇರಲಿಲ್ಲ. ಕಾರ್ಡು ಎರಡೂ ಹೋದವಲ್ಲ ಎಂದು ಆಗ ಅಂದುಕೊಂಡೆ. ಹೋಗಿ ಉಂಡು ಬಂದಿದ್ದರೆ ಸಹಿಯೂ ಸಿಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅವ್ವ ಮೊದಲಿನಿಂದಲೂ ನಗುತ್ತಿದ್ದಳು. "ಎದ್ರುಗೆ ಸಿಕ್ಕಿದ್ರೆ ನಿಂಗೆ ಬಾಯೇ ಬರಲ್ಲ. ಕಾಗ್ದ ಅಂದ್ರೆ ನಾಕು ಪುಟ. ಎಣ್ಣು ನೋಡಕ್ಕೂ ಕಾಗ್ದಾನೇ ಬರೀಬೇಕಿತ್ತು ನೀನು."

ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ತಮಿಳು. ಸುತ್ತಲಿನ ನಮ್ಮವರೆಲ್ಲ ಹಾಗೆಯೇ. ಕನ್ನಡದಲ್ಲಿ ಏನಾದರೂ ಬರೆಯಬೇಕಾದರೆ ತಮಿಳು ಅಕ್ಷರದಲ್ಲೇ ಬರೆಯುತ್ತೇವೆ. ಅಂಗಡಿ ಚೀಟಿ, ಹಬ್ಬಕ್ಕೆ ಬನ್ನಿ ಎಂಬ ನಾಲ್ಕು ಸಾಲು, ಈಗ ಫೋನಿನ ಮೆಸೇಜೂ ಅಷ್ಟೇ. ನಾನು ಕನ್ನಡ ಅಕ್ಷರ ಕಲಿತದ್ದು ದೊಡ್ಡವನಾದ ಮೇಲೆ, ಕೊಳ್ಳೇಗಾಲದ ಶಾಖೆಯಲ್ಲಿ ಕೆಲಸ ಮಾಡುವಾಗ, ಬಿಲ್ಲು ಓದುವುದಕ್ಕೆಂದು. ಅವ್ವನಿಗೆ ಇಂದಿಗೂ ಬರುವುದಿಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ, ನಿವೃತ್ತರಾದ ಡ್ರಿಲ್ ಮೇಷ್ಟರೊಬ್ಬರು ನನಗೊಂದು ವಿಳಾಸ ಕೊಟ್ಟರು. ರಾಜ್ಯದ ತಂಡಕ್ಕೆ ವಾಲಿಬಾಲ್ ಆಡಿದ್ದ ಹೆಂಗಸು, ನಮ್ಮ ಕಡೆಯವರೇ, ಕಂಬೈನಲ್ಲೂರು ಕಡೆಗೆ ಮದುವೆಯಾಗಿ ಹೋದವರು. ಮನೆಗೆ ಬಂದು ಆ ಹೆಸರು ಹೇಳಿದಾಗ ಅವ್ವ ರಾಗಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಅವ್ಳಾ? ಅವ್ಳಿಗೆ ಬಾಲ್ ಎತ್ತಿ ಕೊಡ್ತಿದ್ದೋಳು ನಾನು."

ನನಗೆ ಆಗ ನಲವತ್ತೆರಡು. ಅವ್ವ ಆಟವಾಡಿದ್ದವಳು ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಕೇಳಿ ಕೇಳಿ ತಿಳಿದುಕೊಂಡೆ. ಸ್ಕೂಲಿನ ತಂಡ. ಬಲೆಯ ಹತ್ತಿರ ನಿಂತು ಚೆಂಡನ್ನು ಮೇಲಕ್ಕೆ ಎತ್ತಿಕೊಡುವವಳು ಅವ್ವ. ಹಾರಿ ಹೊಡೆಯುವವಳು ಆಕೆ. ಸ್ಕೂಲಿಗೆ ಹತ್ತಿರವಿದ್ದದ್ದು ನಮ್ಮ ತಾತನ ಮನೆಯಾದ್ದರಿಂದ ಚೆಂಡು ರಾತ್ರಿ ಅಲ್ಲೇ ಇರುತ್ತಿತ್ತು. ಸೇಲಂಗೆ ಆಡಲು ಹೋಗಬೇಕಾದ ವಾರದಲ್ಲೇ ಅವ್ವನ ಮದುವೆಗೆ ಮಾತಾಯಿತು. ಅಲ್ಲಿಗೆ ಆಟ ಮುಗಿಯಿತು. ಚೆಂಡೂ ಮನೆಯಲ್ಲಿ ಕಾಣಲಿಲ್ಲ. ಸ್ಕೂಲಿನವರು ತೆಗೆದುಕೊಂಡು ಹೋದರು ಎಂದು ಮನೆಯಲ್ಲಿ ಹೇಳಿದರಂತೆ.

"ಅವ್ಳಿಗೆ ಒಂದ್ ಮಾತು ಏಳಕ್ಕೂ ಬಿಡ್ನಿಲ್ಲ," ಎಂದಳು ಅವ್ವ. "ನಾನೇ ಬರಲ್ಲ ಅಂದೆ ಅಂತ ತಿಳ್ಕೊಂಡಿರ್ತಾಳೆ. ಕೋಪಗಾತಿ ಅವ್ಳು."

ನಾನು ತಮಿಳಿನಲ್ಲಿ ಕಾಗದ ಬರೆದೆ. ಮುಗಿಸುವ ಹೊತ್ತಿಗೆ ಅವ್ವ ಹೇಳಿದಳು: "ಕೊನೇಲಿ ನಂದೂ ಒಂದ್ ಸಾಲು ಆಕು. ನಿಂಗೆ ಬಾಲ್ ಎತ್ತಿ ಕೊಡ್ತಿದ್ದೋಳು ಇನ್ನೂ ಅವ್ಳೆ, ಗ್ಯಾನ ಐತಾ ಅಂತ ಬರಿ." ಅವಳು ಹೇಳಿದ ಹಾಗೆಯೇ, ಕನ್ನಡದಲ್ಲೇ, ತಮಿಳು ಅಕ್ಷರದಲ್ಲಿ ಆ ಸಾಲು ಬರೆದೆ. ಡ್ರಿಲ್ ಮೇಷ್ಟರ ಹತ್ತಿರ ಆಕೆಯ ಮನೆಯ ಫೋನ್ ನಂಬರೂ ಇತ್ತು. ಕೊಡಲಾ ಎಂದು ಕೇಳಿದ್ದರು. ಬೇಡ ಸಾರ್, ನಾನು ಕಾಗದವೇ ಬರೆಯುವುದು ಎಂದಿದ್ದೆ.

ಉತ್ತರ ಬಂದದ್ದು ಪೋಸ್ಟ್ ಕಾರ್ಡಿನಲ್ಲಿ. ಅಕ್ಷರ ದೊಡ್ಡದು, ನೇರ. ಉಂಗಳ್ ಕಡಿದಂ ಕಿಡೈತ್ತದು, ನಿಮ್ಮ ಕಾಗದ ಸಿಕ್ಕಿತು. ಕಾರ್ಡು ಅನುಪ್ಪ ವೇಂಡಾಂ, ಕಾರ್ಡು ಕಳಿಸುವುದು ಬೇಡ. ಕೈಯೆಳುತ್ತು ಪೋಡುಗಿರೇನ್, ಸಹಿ ಹಾಕುತ್ತೇನೆ. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಎರಡೇ ಮಾತು: ಪಂದು ಕೊಡು.

ತಮಿಳಿನಲ್ಲಿ ಪಂದು ಅಂದರೆ ಚೆಂಡು. ಕೊಡು ಅಂದರೆ ಅಲ್ಲೂ ಕೊಡು. ಕಾರ್ಡಿನ ಮೇಲೆ ಬೇಡ, ಚೆಂಡು ಕೊಟ್ಟರೆ ಅದರ ಮೇಲೆ ಸಹಿ ಹಾಕುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡೆ. ಕೇಳಬಾರದ ಮಾತೇನಲ್ಲ. ಅವ್ವನಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಅಕ್ಷರ ಕಾಣುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ. ಕೊನೆಯ ಎರಡು ಮಾತನ್ನೂ ಮೇಲಿನ ಸಾಲುಗಳ ಹಾಗೆಯೇ ತಮಿಳಾಗಿ ಓದಿದೆ.

ಅವ್ವ ನಕ್ಕಳು. "ಇನ್ನೂ ಅದೇ ಬುದ್ದಿ ನೋಡು. ಗ್ರೌಂಡಲ್ಲೂ ಇಂಗೇ. ಪಂದು ಕೊಡು, ಪಂದು ಕೊಡು ಅಂತ ಪ್ರಾಣ ತಿಂತಿದ್ಲು. ಒಸಾದು ತಂದು ಕೊಡ್ಲಾ. ಅಳೇದು ಕಳಿಸಿದ್ರೆ ಬಯ್ತಾಳೆ."

"ನೀನೂ ಬರ್ತೀಯಾ?"

"ಈ ಕಣ್ಣಿಟ್ಕೊಂಡು ಬಂದು ಅವ್ಳ ಮೊಕ ಎಂಗ್ ನೋಡ್ಲಿ? ಕಣ್ಣು ಸರಿಯಾಗ್ಲಿ, ಆಮ್ಯಾಕೆ ಓಗಾನ."

ಮೇಟ್ಟೂರಿನಲ್ಲಿ ಒಳ್ಳೆಯ ಚೆಂಡು ಕೊಂಡೆ. ಆಡಿ ತಿಂಗಳು, ಆಷಾಢದ ಗಾಳಿ ಬೀಸುವ ಕಾಲ. ನಮ್ಮ ಆಫೀಸಿನ ಒಂದು ಲಾರಿ ಸಿಮೆಂಟು ಹೊತ್ತುಕೊಂಡು ಕಂಬೈನಲ್ಲೂರಿಗೇ ಹೋಗುತ್ತಿತ್ತು. ಡ್ರೈವರ್ ಒಳ್ಳೆಯವನು. ಚೆಂಡು, ಒಂದು ಪೆನ್ನು ಅವನ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬಾ ಎಂದೆ. ಅಂದು ಕ್ಲೀನರ್ ರಜೆ. ಡ್ರೈವರನ ಪಕ್ಕದ ಸೀಟು ಖಾಲಿ ಇತ್ತು. ಬುಕಿಂಗ್ ಕಿಟಕಿಯಿಂದ ನೋಡುತ್ತಿದ್ದ ನನಗೆ ಅದು ಕಂಡಿತ್ತು.

ಮಾರನೆಯ ದಿನ ಚೆಂಡು ವಾಪಸು ಬಂತು. ಮೇಲೆ ಸಹಿ, ದೊಡ್ಡ ನೇರ ಅಕ್ಷರ.

"ಏನಂದರು?" ಎಂದು ತಮಿಳಿನಲ್ಲಿ ಕೇಳಿದೆ.

"ಒಂದೂ ಸೊಲ್ಲಲೆ ಅಣ್ಣೇ," ಎಂದ ಡ್ರೈವರ್, ಏನೂ ಹೇಳಲಿಲ್ಲವಂತೆ. ಚೆಂಡನ್ನು ತೆಗೆದುಕೊಂಡ ಮೇಲೆ ಲಾರಿಯವರೆಗೂ ನಡೆದು ಬಂದು, ಮೆಟ್ಟಿಲು ಹಿಡಿದು ಒಳಗೆ ಇಣುಕಿ, "ವೇರೆ ಯಾರುಂ ವರಲೆಯಾ?" ಎಂದು ಕೇಳಿದರಂತೆ. ಬೇರೆ ಯಾರೂ ಬರಲಿಲ್ಲವಾ ಎಂದು. ಇಲ್ಲಮ್ಮ, ಬಾಲ್ ಮಾತ್ರ ಎಂದನಂತೆ. ಆಮೇಲೆ ಮಂಚದ ಮೇಲೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದು, ಪೆನ್ನು ಕೇಳಿ, ಸಹಿ ಹಾಕಿ ಕೊಟ್ಟರಂತೆ. ಕಾಫಿ ಕೊಟ್ಟರು ಎಂದೂ ಹೇಳಿದ.

ನಾನು ಸಂತೋಷಪಟ್ಟೆ. ಅಷ್ಟು ವರ್ಷದಲ್ಲಿ ನನಗೆ ಬಂದ ಮೊದಲ ಸಹಿ ಮಾಡಿದ ಚೆಂಡು ಅದು. ಅವ್ವ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಸವರಿದಳು.

"ನಂಗೆ ಏನೂ ಬರೆದಿಲ್ವಾ?"

"ಕೈಯೆಳುತ್ತು ಮಾತ್ರ ಐತೆ ಅವ್ವ."

"ಅಷ್ಟೇನಾ," ಎಂದಳು. ಚೆಂಡನ್ನು ಬೀರುವಿನ ಮೇಲೆ ಇಟ್ಟೆವು.

ಅವ್ವನ ಕಣ್ಣಿನ ಆಪರೇಷನ್ ಒಂದಾದ ಮೇಲೆ ಒಂದರಂತೆ ದೀಪಾವಳಿ ಕಳೆದ ಮೇಲೆ ಮುಗಿಯಿತು. ಕನ್ನಡಕ ಬಂದದ್ದೇ ತಡ, ಮನೆಯಲ್ಲಿದ್ದ ಅಕ್ಷರವನ್ನೆಲ್ಲ ಓದತೊಡಗಿದಳು. ಸೋಪಿನ ಕವರು, ಕ್ಯಾಲೆಂಡರಿನ ಹಿಂಭಾಗ, ಗೊಬ್ಬರದ ಚೀಲ. ಮಾರ್ಗಳಿಯ, ಅಂದರೆ ಧನುರ್ಮಾಸದ, ಒಂದು ಬೆಳಿಗ್ಗೆ ಅವಳ ಅಣ್ಣ, ನನ್ನ ಮಾವ, ಬಂದು ಹಿತ್ತಲ ಜಗಲಿಯಲ್ಲಿ ಕೂತಿದ್ದ. ಕುರಿ ಸಾಕುವವನು, ಎಪ್ಪತ್ತೈದು ದಾಟಿದೆ. ಅವ್ವ ಆ ಪೋಸ್ಟ್ ಕಾರ್ಡು ಹಿಡಿದುಕೊಂಡು ಒಳಗಿನಿಂದ ಬಂದಳು.

"ಲೇ, ಇದೇನ್ ಬರೆದವ್ಳೆ ಇಲ್ಲಿ?"

"ಅದೇ ಅವ್ವ. ಪಂದು ಕೊಡು."

"ಪಂದು ಯಾಕ್ಲಾ ಆಯ್ತದೆ? ಬಂದು ಕೊಡು ಅಂತ ಬರೆದವ್ಳೆ."

ತಮಿಳಿನಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ನಾನು ಕಾರ್ಡು ಈಸಿಕೊಂಡು ನೋಡಿದೆ. ಮೇಲಿನ ಸಾಲುಗಳು ನನಗೆ ಬರೆದವು, ತಮಿಳಿನಲ್ಲಿ, ಬಹುವಚನದಲ್ಲಿ. ಜಾಗ ಬಿಟ್ಟು ಬರೆದ ಎರಡು ಮಾತು ಏಕವಚನ. ಅದು ನನಗಲ್ಲ. ಅವ್ವನ ಕನ್ನಡದ ಸಾಲಿಗೆ ಕನ್ನಡದಲ್ಲಿ ಬರೆದ ಉತ್ತರ ಅದು. ಕಾರ್ಡನ್ನು ಅಂಚೆಯಲ್ಲಿ ಕಳಿಸಬೇಡ, ನೀನೇ ಬಂದು ಕೊಡು ಎಂದು ಕರೆದಿದ್ದರು. ಫೋನಿನಲ್ಲಾಗಿದ್ದರೆ ಬ ಎಂಬ ಶಬ್ದ ಬ ಎಂದೇ ಕೇಳಿಸುತ್ತಿತ್ತು.

"ಕಣ್ ಕಾಣ್ದಿದ್ದೋಳಿಗೆ ಓದಿ ಏಳ್ದೋನು ನೀನು," ಎಂದಳು ಅವ್ವ. ಬೈದಂತೆಯೂ ಇರಲಿಲ್ಲ. "ನಾನೂ ನಕ್ಬುಟ್ಟೆ."

ಮಾವ ಕಾಫಿ ಲೋಟವನ್ನು ಕೆಳಗಿಟ್ಟ. "ಬರೀ ಬಾಲ್ ಕಳಿಸ್ಬುಟ್ರಾ?"

"ಊಂ."

"ಬಾಯಲ್ಲಿ ಏನೂ ಏಳ್ದೆ?"

"ಡ್ರೈವರಿಗೇನು ಗೊತ್ತಿತ್ತು ಮಾವ, ಹೇಳೋಕೆ?"

ಅವನು ಅವ್ವನ ಕಡೆ ತಿರುಗಿದ. "ಆವತ್ತೂ ಅಂಗೇ ಆಗಿದ್ದು. ಸ್ಕೂಲೋರು ಬಾಲ್ ತಕ್ಕೊಂಡೋಗ್ಲಿಲ್ಲ. ಅಪ್ಪ ನನ್ ಕೈಗೆ ಕೊಟ್ಟು, ಅವ್ರ ಮನೇಲಿ ಮಡಗ್ಬುಟ್ಟು ಬಾ, ಏನೂ ಏಳ್ಬ್ಯಾಡ, ಅವ್ರಿಗೇ ಅರ್ಥ ಆಯ್ತದೆ ಅಂದ್ರು. ಜಗಲಿ ಮ್ಯಾಲೆ ಮಡಗಿದೆ. ಆ ಎಣ್ಣು ಬಂದು ನನ್ ಇಂದ್ಗಡೆ ನೋಡ್ತು, ನೀನು ಬಂದಿದ್ದೀಯಾ ಅಂತ."

ಅವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು. ಆಮೇಲೆ, "ಎಲ್ಡು ಸಲ," ಎಂದಳು.

ಆ ಕೂಡಲೇ ಹೊರಟಿದ್ದರೆ ಏನಾಗುತ್ತಿತ್ತೋ ತಿಳಿಯದು. ಕಣ್ಣಿಗೆ ಧೂಳು ಬೀಳಬಾರದು, ಬಸ್ಸಿನಲ್ಲಿ ಅಷ್ಟು ದೂರ ಬೇಡ ಎಂದು ಡಾಕ್ಟರು ಹೇಳಿದ್ದರು. ಪೊಂಗಲ್ ಕಳೆಯಲಿ ಎಂದೆವು. ಡ್ರಿಲ್ ಮೇಷ್ಟರಿಂದ ನಂಬರು ತೆಗೆದುಕೊಂಡು ಮೂರು ದಿನ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ.

ಹೊರಟವರು ಮೂವರು: ಅವ್ವ, ಮಾವ, ನಾನು. ಸಹಿ ಮಾಡಿದ ಚೆಂಡನ್ನು ಅವ್ವ ಜವಳಿ ಅಂಗಡಿಯ ಕೈಚೀಲದಲ್ಲಿಟ್ಟು ಮಡಿಲಲ್ಲೇ ಹಿಡಿದಿದ್ದಳು. ಧರ್ಮಪುರಿ ಬಸ್ಸಿನಲ್ಲಿ ಕಂಡಕ್ಟರ್ ಚೀಲದೊಳಗೆ ಇಣುಕಿ, "ಎನ್ನ ಪಾಟಿ, ಮ್ಯಾಚ್ಚಾ?" ಎಂದ. ಏನಜ್ಜಿ, ಆಟ ಇದೆಯಾ ಎಂದು.

"ಆಮಾ, ನಾನ್‌ದಾನ್ ಕ್ಯಾಪ್ಟನ್," ಎಂದಳು ಅವ್ವ, ಹೌದು, ನಾನೇ ಕ್ಯಾಪ್ಟನ್ ಎಂದು. ಮುಂದಿನ ಸೀಟಿನವರೂ ನಕ್ಕರು. ಕಂಬೈನಲ್ಲೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವವರೆಗೂ ಅವಳ ಮುಖದಲ್ಲಿ ಆ ನಗೆ ಸ್ವಲ್ಪ ಉಳಿದಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಬಾಗಿಲಿಗೆ ಬಂದವರು ಆಟಗಾರ್ತಿಯ ಸೊಸೆ. ಕೊಳತ್ತೂರಿನವರು ಎಂದ ಕೂಡಲೇ ಅವರು ಅವ್ವನ ಕೈಚೀಲ ನೋಡಿದರು.

"ಬಾಲ್ ಕಳಿಸಿದ್ದೋರು ನೀವೇನಾ?"

ಅಷ್ಟು ಕೇಳಿ, ಚಪ್ಪರದ ಕೆಳಗಿದ್ದ ಮಂಚದ ಕಡೆ ಬನ್ನಿ ಎಂದರು. ಅತ್ತೆಗೆ ದೀಪಾವಳಿ ಕಳೆದು ಕಾರ್ತಿಗೈ ತಿಂಗಳಲ್ಲಿ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡಕ್ಕೂ ಸ್ವಾಧೀನ ಇಲ್ಲ. ಮಾತು ಪೂರ್ತಿ ಹೋಗಿತ್ತು. ಕೇಳಿಸುತ್ತದೆ, ಆದರೆ ಎಷ್ಟು ತಿಳಿಯುತ್ತದೆ ಎಂದು ಡಾಕ್ಟರಿಗೂ ಹೇಳಲಾಗುವುದಿಲ್ಲ ಎಂದರು. ಆಸ್ಪತ್ರೆಗೆ ಓಡಾಡುವುದರಲ್ಲಿ ಫೋನನ್ನು ಯಾರೂ ನೋಡುತ್ತಿರಲಿಲ್ಲವಂತೆ.

"ಕಾರ್ಡ್ ಆಕಿದ್ಮ್ಯಾಕೆ ದಿನಾ ಬಸ್ಸು ತಿರುಗೋ ಒತ್ಗೆ ಆಚೆ ಬಂದು ಕೂರೋರು," ಎಂದರು ಸೊಸೆ. "ಯಾರತ್ತೆ ಬರೋದು ಅಂದ್ರೆ, ನಂಗೆ ಬಾಲ್ ಎತ್ತಿ ಕೊಡೋಳು ಅನ್ನೋರು. ಆಮ್ಯಾಕೆ ಲಾರಿ ಬಂತು. ಅವತ್ತಿಂದ ಕೂರ್ಲಿಲ್ಲ."

ಅವ್ವ ಮಂಚದ ಮುಂದೆ ಹೋಗಿ ನಿಂತಳು. ಮಾವ ಬಾಗಿಲ ಮೆಟ್ಟಿಲ ಹತ್ತಿರ, ಸೊಸೆ ಮಂಚದ ತಲೆಯ ಕಡೆ. ನಾನು ಹೇಳಿದೆನಲ್ಲ, ಕಂಬದ ಪಕ್ಕ.

ಬಸ್ಸಿನಲ್ಲಿ ಹೇಳಿಕೊಂಡು ಬಂದ ಮಾತು ಯಾವುದೂ ಅವ್ವನ ಬಾಯಿಂದ ಬರಲಿಲ್ಲ. "ಏ," ಎಂದಳು. "ನಾನ್ ಕಣೇ. ನೀನು ಬಂದು ಕೊಡು ಅಂತ ಬರ್ದೆ. ಇವ್ನು ಪಂದು ಕೊಡು ಅಂತ ಓದ್ದ. ನಂಗೆ ಕಣ್ ಕಾಣ್ತಿರ್ನಿಲ್ಲ. ನಾನ್ ಬರಲ್ಲ ಅನ್ನಿಲ್ಲ. ಆವತ್ತೂ ಅನ್ನಿಲ್ಲ, ಈಗ್ಲೂ ಅನ್ನಿಲ್ಲ." ಚೀಲದಿಂದ ಚೆಂಡು ತೆಗೆದು ಆಕೆಯ ಮಡಿಲಲ್ಲಿಟ್ಟಳು. "ತಕ್ಕಾ. ಬಂದೇ ಕೊಡ್ತಿದ್ದೀನಿ."

ಆಕೆ ಅವ್ವನನ್ನೇ ನೋಡುತ್ತಿದ್ದರು. ಕಣ್ಣು ಅಲುಗಲಿಲ್ಲ. ಆಮೇಲೆ ಎಡಗೈ ಹಾಸಿಗೆಯಿಂದ ಎದ್ದಿತು. ಚೆಂಡಿನ ಹಿಂದೆ, ತಮ್ಮ ಹೊಟ್ಟೆಗೂ ಚೆಂಡಿಗೂ ನಡುವೆ ಬಂತು. ಬೆರಳು ಬಿಡಿಸಿಕೊಂಡಿದ್ದವು. ಕೈ ಮುಂದಕ್ಕೆ ಬಂತು, ಚೆಂಡು ಮಡಿಲಿನಿಂದ ಹೊರಟು ಮಂಚದ ಅಂಚು ದಾಟಿತು. ಅದು ನೆಲಕ್ಕೆ ಬೀಳಲಿಲ್ಲ. ಅವ್ವ ಬಗ್ಗಿ ಎರಡು ಕೈಯಲ್ಲೂ ಹಿಡಿದಳು. ಕೈ ಮತ್ತೆ ಹಾಸಿಗೆಯ ಮೇಲೆ ಬಿತ್ತು. ಅಷ್ಟೇ ನಡೆದದ್ದು.

"ಬ್ಯಾಡ ಅಂದ್ರೆ ಅಂಗೇ ತಳ್ಳೋದು ಅತ್ತೆ," ಎಂದರು ಸೊಸೆ, ಸಮಾಧಾನ ಹೇಳುವ ದನಿಯಲ್ಲಿ. "ಗಂಜಿ ಬಟ್ಲೂ ಅಂಗೇ ತಳ್ತಾರೆ. ನೀವು ಮನ್ಸಿಗೆ ಆಕ್ಕೋಬ್ಯಾಡಿ."

"ತಳ್ಳಿಲ್ಲ," ಎಂದಳು ಅವ್ವ. "ನಂಗೆ ಕೊಟ್ಲು."

ಮತ್ತೊಮ್ಮೆ ಮಡಿಲಲ್ಲಿಟ್ಟು ನೋಡಬಹುದಿತ್ತು. ಅವ್ವ ಇಡಲಿಲ್ಲ. ಚೆಂಡನ್ನು ಎದೆಗೆ ಹಿಡಿದುಕೊಂಡೇ ಮಂಚದ ಅಂಚಿನಲ್ಲಿ ಕೂತಳು, ಊಟ ಮಾಡಿ ಎಂದು ಸೊಸೆ ಕರೆಯುವವರೆಗೂ. ವಾಪಸು ಬರುವಾಗ ಬಸ್ಸಿನಲ್ಲಿ ಒಮ್ಮೆ ಮಾತ್ರ ಕೇಳಿದಳು. "ನೀನ್ ನೋಡ್ದಲ್ಲ? ಏಳು."

ನೋಡಿದೆ. ಕೈ ಚೆಂಡಿನ ಹಿಂದೆ ಹೋಗಿತ್ತು, ಬೆರಳು ಬಿಡಿಸಿತ್ತು. ತಳ್ಳುವ ಕೈಯೂ ಹಾಗೆಯೇ ಇರುತ್ತದೆ, ಕೊಡುವ ಕೈಯೂ ಹಾಗೆಯೇ ಇರುತ್ತದೆ. ಬಂದು, ಪಂದು ಎರಡೂ ಒಂದೇ ಅಕ್ಷರದಲ್ಲಿ ಇದ್ದ ಹಾಗೆ. ಒಮ್ಮೆ ನನಗೆ ತೋಚಿದಂತೆ ಓದಿ ಹೇಳಿದ್ದೆ. ಇನ್ನೊಮ್ಮೆ ಓದುವ ಧೈರ್ಯ ಬರಲಿಲ್ಲ.

"ಗೊತ್ತಾಗ್ನಿಲ್ಲ ಅವ್ವ," ಎಂದೆ.

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕೊಟ್ಟಳು ಎಂದುಬಿಡಬಹುದಿತ್ತು. ಮೇಟ್ಟೂರು ಬರುವವರೆಗೂ ಅದನ್ನೇ ಯೋಚಿಸಿದೆ. ಈಗಲೂ ಯೋಚಿಸುತ್ತೇನೆ.

ನಾವು ಹೋಗಿ ಬಂದು ಎರಡು ತಿಂಗಳಿಗೆ, ಪಂಗುಣಿ ತಿಂಗಳಲ್ಲಿ ಆಕೆ ತೀರಿಕೊಂಡರು. ಆ ದಿನ ಆ ಚಪ್ಪರದ ಕೆಳಗೆ ನಡೆದದ್ದನ್ನು ನೋಡಿದವರು ನನ್ನನ್ನು ಬಿಟ್ಟು ಮೂವರು ಬದುಕಿದ್ದಾರೆ. ಸೊಸೆ ಅದೇ ಮನೆಯಲ್ಲಿದ್ದಾರೆ. ಬಸ್ಸು ತಿರುಗುವ ಜಾಗದಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಮಾವ ಇದ್ದಾನೆ, ಒಂದು ಕಿವಿ ಮಂದವಾಗಿದೆ, ಆದರೆ ದಿಬ್ಬದ ಮೇಲಿನ ಕುರಿಯನ್ನು ಕೆಳಗಿನಿಂದಲೇ ಗುರುತು ಹಿಡಿಯುತ್ತಾನೆ, ಅಂದು ಕಂಡದ್ದೇನು ಎಂದು ಕೇಳಿದರೆ ಮಾತ್ರ ಎದ್ದು ಹೋಗುತ್ತಾನೆ. ಇನ್ನು ಅವ್ವ. ಅವಳ ಕಣ್ಣು ಈಗ ನಮ್ಮೆಲ್ಲರ ಕಣ್ಣಿಗಿಂತ ಚೆನ್ನಾಗಿದೆ, ಮತ್ತು ಮಂಚಕ್ಕೆ ಎಲ್ಲರಿಗಿಂತ ಹತ್ತಿರ ನಿಂತಿದ್ದವಳು ಅವಳೇ.